ಇಬ್ಬರ ಲೆನ್ಸು

ಪತ್ರಿಕೆ ಮುಚ್ಚಿದ ದಿನ ಸಂಪಾದಕರು ಆ ಬಿಳಿ ಟೆಲಿ ಜೂಮ್ ಲೆನ್ಸನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟು, "ಇಬ್ರೂ ಇಟ್ಕೊಳ್ಳಿ, ಕಿತ್ತಾಡ್ಬೇಡಿ" ಎಂದಿದ್ದರು. ಮೊದಲ ಮಾತನ್ನು ಮಾತ್ರ ಇಬ್ಬರೂ ಪಾಲಿಸಿದರು. ಒಂದು ವಾರ ಕೊಕ್ಕರೆಯ ಮನೆ, ಇನ್ನೊಂದು ವಾರ ಪೀಪಾಯಿಯ ಮನೆ. ಶನಿವಾರ ಸಂಜೆ ಹಳೆಯ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಲೆನ್ಸು ಕೈ ಬದಲಾಗುತ್ತಿತ್ತು.

ಕೊಕ್ಕರೆಗೆ ಆ ಹೆಸರು ಕತ್ತಿನಿಂದ ಬಂದದ್ದು, ಪೀಪಾಯಿಗೆ ಹೊಟ್ಟೆಯಿಂದ. ಹೊಟ್ಟೆ ಈಗ ಇಳಿದಿದೆ, ಹೆಸರು ಇಳಿದಿಲ್ಲ.

ಇಬ್ಬರೂ ಆಟದ ಪುಟದ ಫೋಟೋಗ್ರಾಫರುಗಳು. ಕಚೇರಿಗಿದ್ದದ್ದು ಅದೊಂದೇ ದೊಡ್ಡ ಲೆನ್ಸು. ಫುಟ್‌ಬಾಲ್ ಪಂದ್ಯದ ಮೊದಲರ್ಧ ಕೊಕ್ಕರೆಯದು, ಉಳಿದರ್ಧ ಪೀಪಾಯಿಯದು. ವಿರಾಮದಲ್ಲಿ ಕೊಕ್ಕರೆ ಅದನ್ನು ಪೀಪಾಯಿಗೆ ಮುಟ್ಟಿಸಲು ಕೂಸಿನಂತೆ ಅವುಚಿಕೊಂಡು ಮೈದಾನ ಸುತ್ತಿ ಓಡುತ್ತಿದ್ದ. ಮಳೆ ಬಂದರೆ ಅಂಗಿ ಬಿಚ್ಚಿ ಲೆನ್ಸಿಗೆ ಹೊದಿಸಿ, ತಾನು ಬನಿಯನ್ನಿನಲ್ಲಿ ನೆನೆಯುತ್ತಿದ್ದ. ಗೋಲು ಯಾರ ಪಾಲಿನ ಹೊತ್ತಿನಲ್ಲಿ ಬೀಳುತ್ತದೋ ಮುಖಪುಟ ಅವನದು. ಒಮ್ಮೆ ಫೈನಲ್ಲಿನ ಏಕೈಕ ಗೋಲು, ವಿರಾಮ ಮುಗಿದರೂ ಲೆನ್ಸು ಇನ್ನೂ ಕೈ ಬದಲಾಗುತ್ತಿದ್ದಾಗಲೇ ಬಿತ್ತು. ಅದು ಯಾರ ತಪ್ಪೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಆದರೂ ಎಂಥ ದಿನಗಳವು! ಕಣ್ಣನ್ನು ಕ್ಯಾಮೆರಾದ ಕಿಂಡಿಗೆ ಒತ್ತಿ ಎಡಗೈಯಲ್ಲಿ ಲೆನ್ಸಿನ ಉಂಗುರ ತಿರುಗಿಸಿದರೆ, ಮೈದಾನದ ಆ ತುದಿಯ ಗೋಲ್‌ಕೀಪರನ ಮೂಗಿನ ಮೇಲಿನ ಬೆವರು ಅಂಗೈಯಷ್ಟು ಹತ್ತಿರ ಬರುತ್ತಿತ್ತು. ಅಂಥ ಸುಖ ಮದುವೆಯಲ್ಲೂ ಸಿಗಲಿಲ್ಲವೆಂದು ಕೊಕ್ಕರೆ ಹೆಂಡತಿಯ ಎದುರೇ ಹೇಳಿ ಮೂರು ದಿನ ಉಗಿಸಿಕೊಂಡಿದ್ದ.

ಈ ಶನಿವಾರ ಪೀಪಾಯಿ ಲೆನ್ಸಿನ ಚೀಲವನ್ನು ಮೇಜಿನ ಮೇಲಿಟ್ಟು ಭುಜ ಉಜ್ಜಿಕೊಂಡ.

"ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ ಮಾರಾಯ. ಭುಜ ಹೋಗಿದೆ. ಡಾಕ್ಟ್ರು ಬಕೆಟ್ಟೂ ಎತ್ಬೇಡ ಅಂದಿದಾರೆ."

ಕೊಕ್ಕರೆ ಚೀಲಕ್ಕೆ ಕೈ ಹಾಕಲಿಲ್ಲ. ಲೆನ್ಸು ಪೂರ್ತಿ ತನ್ನದಾದರೆ ಮುಂದಿನ ಶನಿವಾರ ಇವನು ಯಾಕೆ ಬರುತ್ತಾನೆ? ಕೆಲಸವಿಲ್ಲದೆ ಒಬ್ಬರ ಮನೆಗೆ ಒಬ್ಬರು ಹೋದವರೇ ಅಲ್ಲ.

"ತಡಿ, ಮೊದ್ಲು ನೋಡ್ತೀನಿ. ಏನ್ ಹಾಳು ಮಾಡಿದೀಯೋ ಏನೋ."

ಹಿಂದೆಲ್ಲ ಪ್ರತಿ ವಾರ ಮುಚ್ಚಳ ತೆಗೆದು, ಗಾಜನ್ನು ಬೆಳಕಿಗೆ ಹಿಡಿದು ನೋಡಿಯೇ ತೆಗೆದುಕೊಳ್ಳುತ್ತಿದ್ದರು. ಈಚೆಗೆ ಚೀಲದ ಜಿಪ್ಪನ್ನೂ ಎಳೆಯುತ್ತಿರಲಿಲ್ಲ. ಇವತ್ತು ಕೊಕ್ಕರೆ ಏನಾದರೂ ತಪ್ಪು ಸಿಗಲಿ ಎಂದುಕೊಂಡೇ ಮೊಬೈಲಿನ ಟಾರ್ಚ್ ಬೆಳಕನ್ನು ಲೆನ್ಸಿನ ಒಳಗೆ ಬಿಟ್ಟ. ಗಾಜಿನ ಅಂಚಿನಲ್ಲಿ ಜೇಡನ ಬಲೆಯಂಥ ಎಳೆಗಳು.

"ಬೂಷ್ಟು!"

ಪಕ್ಕದ ಮೇಜಿನವರು ತಮ್ಮ ಬನ್ನನ್ನು ತಿರುವಿ ನೋಡಿಕೊಂಡರು.

ಕತ್ತಲಲ್ಲಿ ತಿಂಗಳುಗಟ್ಟಲೆ ಮಲಗಿದ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಬಿಸಿಲಲ್ಲಿ ತಿರುಗುವುದಕ್ಕೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಇದು ಇಬ್ಬರಿಗೂ ಗೊತ್ತು.

"ಚೀಲದಿಂದ ಆಚೆ ತೆಗ್ದಿದ್ದೀಯೇನೋ ಇದನ್ನ?" ಕೊಕ್ಕರೆ ಕೇಳಿದ.

"ನನ್ನ ಕೇಳ್ತೀಯಾ? ಹೋದ ವಾರ ತಾನೆ ಕೆರೆ ಹತ್ರ ಹಕ್ಕಿ ತೆಗ್ದೆ."

"ತೋರ್ಸು."

"ಕ್ಯಾಮೆರಾ ಮನೇಲಿದೆ. ಅದರ ಹಿಂದಿನ ವಾರ ನೀನೇನು ಕಡಿದು ಕಟ್ಟೆ ಹಾಕ್ದೆ? ತೋರ್ಸು."

"ನಂದೂ ಮನೇಲಿದೆ."

ಇಬ್ಬರೂ ಲೋಟದ ಕಡೆ ನೋಡಿದರು. ಕೊಕ್ಕರೆಯ ಎಡಗೈ ನಡುಗಲು ಶುರುವಾಗಿ ವರ್ಷವಾಗಿತ್ತು. ತನ್ನ ವಾರಗಳಲ್ಲಿ ಅವನು ಲೆನ್ಸನ್ನು ಬೀರುವಿನಲ್ಲಿ ಸ್ವೆಟರುಗಳ ಕೆಳಗಿಟ್ಟು, ಶನಿವಾರ ಹೊತ್ತು ತರುತ್ತಿದ್ದ.

"ನಿಜ ಹೇಳು, ಮುಟ್ಟಿ ಎಷ್ಟು ದಿನ ಆಯ್ತು?" ಎಂದ ಪೀಪಾಯಿ.

"ಮೊಮ್ಮಗನ ಸ್ಕೂಲಲ್ಲಿ ಓಟ ಇತ್ತಲ್ಲ, ಅದೇ ಕೊನೆ. ಎಲ್ಲಾ ಫೋಟೋನೂ ಅಲುಗಾಡಿತ್ತು. ನಿಂದು?"

"ಅದಕ್ಕೂ ಮುಂಚೆ."

"ಮತ್ತೆ ಭುಜ ನೋಯ್ಸ್ಕೊಂಡು ಕತ್ತೆ ಥರ ಯಾಕೋ ಹೊರ್ತಿದ್ದೆ?"

"ನೀನ್ಯಾಕೆ ಹೊರ್ತಿದ್ದೆ?"

ಪೀಪಾಯಿ ಲೆನ್ಸಿನ ಉಂಗುರ ತಿರುಗಿಸಲು ನೋಡಿದ. ಉಂಗುರ ಬಿಗಿದುಕೊಂಡಿತ್ತು.

"ನಿನ್ನ ತಂಗಿ ಮಗಳು ಈಗ ಮ್ಯಾಚುಗಳಿಗೆ ಹೋಗ್ತಾಳಲ್ವಾ?" ಕೊನೆಗೆ ಕೊಕ್ಕರೆಯೇ ಕೇಳಿದ.

"ಹೋಗ್ತಾಳೆ. ಗೇಣುದ್ದದ ಲೆನ್ಸ್ ಇಟ್ಕೊಂಡು ಒದ್ದಾಡ್ತಾಳೆ."

"ಕ್ಲೀನ್ ಮಾಡ್ಸಿ ಅವಳಿಗೆ ಕೊಡೋಣ. ಮೈದಾನ ನೋಡ್ಲಿ ಇದು."

ಪೀಪಾಯಿ ತಲೆ ಎತ್ತಿದ. "ಕೊಟ್ಬಿಟ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದ.

"ಕೊಟ್ಬಿಟ್ರೆ ಏನೀಗ? ಶನಿವಾರ ಕೈ ಬೀಸ್ಕೊಂಡು ಬಾ. ಟೀ ಕುಡಿಯೋಕೂ ಭುಜ ನೋಯುತ್ತಾ?"

"ಸುಮ್‌ಸುಮ್ನೆ ಬಂದು ಏನ್ ಮಾತಾಡೋದೋ?"

ಕೊಕ್ಕರೆಗೂ ಅದೇ ದಿಗಿಲಿತ್ತು. ಆದರೂ, "ಏನಾದ್ರೂ ಸಿಗುತ್ತೆ, ಬಾ" ಎಂದ.

ಪೀಪಾಯಿ ಇನ್ನೆರಡು ಟೀ ಹೇಳಿದ. ಅದು ಬರುವ ತನಕ ಇಬ್ಬರೂ ಮಾತಿಲ್ಲದೆ ಕೂತರು. ಅದೇನೂ ಅಷ್ಟು ಕಷ್ಟವಾಗಲಿಲ್ಲ.