ಮುಳ್ಳು ಬಿಡಿಸಿದ ಮೀನು

ಪೋರ್ತೊ ವಿಮಾನ ನಿಲ್ದಾಣದ ಊಟದಂಗಡಿಯಲ್ಲಿ ಓತಿಲಿಯಾ ಕುರ್ಚಿಯ ಮೇಲೆ ಕುಸಿದು ಕೂತಳು. ಜಿನೀವಾದ ಕಚೇರಿಗಳಲ್ಲಿ ವಾರವಿಡೀ ನೆಲ ಒರೆಸಿ, ಊರಿಗೆ ಓಡಿಬಂದು, ಈಗ ಮಗಳನ್ನು ಕರೆದುಕೊಂಡು ಮತ್ತೆ ಅಲ್ಲಿಗೇ ಹೊರಟಿದ್ದಾಳೆ. ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು. ಎದುರಿಗೆ ಆರು ವರ್ಷದ ಇರಿಯಾ ಕೋಟಿನ ಗುಂಡಿ ಕೂಡ ಬಿಚ್ಚದೆ ಕೂತಿದ್ದಳು.

ಹಸುಗೂಸಾಗಿದ್ದಾಗ ಅಜ್ಜಿಯ ಮಡಿಲಿಗೆ ಹಾಕಿ ಹೋದ ಮಗು. ಆಗಸ್ಟಿನಲ್ಲಿ ರಜೆಗೆ ಬಂದು ಹೋಗುವ ತಾಯಿ ಅವಳ ಪಾಲಿಗೆ ನೆಂಟರ ಪೈಕಿ. ಈಗ ಅಜ್ಜಿಯ ಕಣ್ಣು ಮಂಜಾಗಿದೆ. ನಿನ್ನೆ ಅಜ್ಜಿಯನ್ನು ಬ್ರಾಗಾದ ಚಿಕ್ಕಿಯ ಮನೆಯಲ್ಲಿ ಬಿಟ್ಟು ಬಂದಾಗಿನಿಂದ ಇರಿಯಾ ಒಂದು ತುತ್ತೂ ಮುಟ್ಟಿಲ್ಲ. ಅಳಲಿಲ್ಲ, ಹಟ ಮಾಡಲಿಲ್ಲ. ಬರೀ ಬೇಡವೆಂದಳು. ಈ ಮಗು ನನ್ನ ಕೈಯ ಊಟವನ್ನು ಒಪ್ಪುತ್ತದೋ ಇಲ್ಲವೋ ಎಂಬ ಭಯ ಓತಿಲಿಯಾಳನ್ನು ಬಿಟ್ಟಿರಲಿಲ್ಲ.

ಬಡಿಸುವಾಕೆ ತಟ್ಟೆಗಳನ್ನಿಟ್ಟಳು. ಉಪ್ಪುಮೀನು ಬಕಲ್ಯಾವ್, ಬೇಯಿಸಿದ ಆಲೂಗಡ್ಡೆ, ಎಲೆಕೋಸು, ಮೊಟ್ಟೆ, ಮೇಲೆ ಧಾರಾಳವಾಗಿ ಆಲಿವ್ ಎಣ್ಣೆ.

"ಏನೇ ಪುಟ್ಟಿ, ನಮ್ಮ ಮೀನಿನ ಮೇಲೆ ಮುನಿಸಾ? ವಿಮಾನದಲ್ಲಿ ಕೊಡೋ ಬ್ರೆಡ್ಡು ರಟ್ಟಿನ ಥರ ಇರತ್ತೆ, ಆಮೇಲೆ ನನ್ನನ್ನ ಬೈಕೋಬೇಡ!"

ಇರಿಯಾ ನಗಲಿಲ್ಲ. ಓತಿಲಿಯಾ ಮುಳ್ಳು ತೆಗೆದು ಮೀನನ್ನು ಮಗಳ ಮುಂದಿಟ್ಟಳು.

"ತಿನ್ನು ಚಿನ್ನ."

"ನಂಗೆ ಬೇಡ. ನೀವು ತಿನ್ನಿ." ತಟ್ಟೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು. "ಅಜ್ಜಿಗೆ ಇನ್ಮೇಲೆ ಮುಳ್ಳು ಯಾರು ತೆಗೀತಾರೆ?"

"ಯಾಕೆ, ಇಷ್ಟು ದಿನ ಯಾರು ತೆಗೀತಿದ್ರು?"

"ನಾನೇ. ಅವಳಿಗೆ ಕಾಣಲ್ವಲ್ಲ."

"ಚಿಕ್ಕಿ ತೆಗೀತಾಳೆ ಬಿಡು."

"ಚಿಕ್ಕಿ ಟೀವಿ ನೋಡ್ಕೊಂಡು ತೆಗೀತಾಳೆ!" ಮೊದಲ ಬಾರಿಗೆ ದನಿ ಒಡೆಯಿತು.

ಓತಿಲಿಯಾ ಫೋನ್ ತೆಗೆದು ತಂಗಿಗೆ ಮಾಡಿದಳು. "ಅಲ್ದೀನಾ, ಅಮ್ಮನ ತಟ್ಟೇಲಿ ಮೀನು ಬಿದ್ದಾಗ ಟೀವಿ ಆರಿಸಬೇಕಂತೆ ಕಣೇ. ದೊಡ್ಡವರ ಅಪ್ಪಣೆ. ತಗೋ, ಅವರೇ ಹೇಳ್ತಾರೆ."

ಇರಿಯಾ ಎರಡೂ ಕೈಯಲ್ಲಿ ಫೋನ್ ಹಿಡಿದಳು. "ಚಿಕ್ಕಿ, ಬರೀ ನೋಡಿದ್ರೆ ಸಾಲದು. ಬೆರಳಲ್ಲಿ ಸವರಿ ನೋಡ್ಬೇಕು. ಹೊಟ್ಟೆ ಕಡೆ ಜಾಸ್ತಿ ಇರತ್ತೆ. ನಗಬೇಡ! ಮಾತು ಕೊಡು."

ಚಿಕ್ಕಿ ಮಾತು ಕೊಟ್ಟಿರಬೇಕು. ಇರಿಯಾ ಫೋನ್ ಕೆಳಗಿಟ್ಟು ಮೂಗು ಒರೆಸಿಕೊಂಡಳು.

ಓತಿಲಿಯಾ ತನ್ನ ತಟ್ಟೆ ನೋಡಿದಳು. ಮೀನು, ಮುಳ್ಳು, ಆಲೂಗಡ್ಡೆ ಎಲ್ಲ ಕಲಸಿಕೊಂಡು ತೇಲಿದಂತಾಯಿತು. ದಣಿವೋ ಕಣ್ಣೀರೋ, ಅವಳಿಗೇ ತಿಳಿಯಲಿಲ್ಲ. ಫೋರ್ಕ್ ಕೆಳಗಿಟ್ಟಳು.

"ನಂಗೂ ಈಗ ಏನೂ ಕಾಣ್ತಿಲ್ಲ ಕಣೇ."

ಇರಿಯಾ ಅವಳನ್ನೇ ನೋಡಿದಳು. ಆಮೇಲೆ ಕೋಟು ಬಿಚ್ಚಿ, ಆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಪುಟ್ಟ ಬೆರಳುಗಳು ಮೀನಿನ ಪದರ ಪದರವನ್ನೂ ಸವರಿದವು. ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದಳು.

"ಹೂಂ, ತಿನ್ನು. ಅಜ್ಜಿ ಥರ ಆತುರ ಮಾಡ್ಬೇಡ."

ಓತಿಲಿಯಾ ಬಾಯಿಗಿಟ್ಟುಕೊಂಡಳು. ನಾಲಿಗೆಗೆ ಕೂದಲೆಳೆಯಂಥ ಒಂದು ಮುಳ್ಳು ತಾಗಿತು. ಅದನ್ನು ಸದ್ದಿಲ್ಲದೆ ಕೆನ್ನೆಯ ಮೂಲೆಗೆ ಸರಿಸಿಕೊಂಡಳು.

"ಮುಳ್ಳಿತ್ತಾ?"

"ಒಂದೂ ಇಲ್ಲ."

ಇರಿಯಾ ತಲೆಯಾಡಿಸಿ, ತನ್ನ ತಟ್ಟೆಯ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಕಿವುಚತೊಡಗಿದಳು.