ಮೀನಿನ ತೊಟ್ಟಿಗೆ ತೂತು

ಮೀನುಗಳು ಬಕೆಟ್ಟಿಗೆ ಬಂದು ಮೂರು ದಿನವಾಗಿತ್ತು. ಗಾಜಿನ ತೊಟ್ಟಿಯ ನೀರು ತಾನಾಗಿ ಸೋಸಿ ಬರಲು ಪೈಪು ಹಾಯಿಸಬೇಕು, ಅದಕ್ಕೆ ತೂತು ಕೊರೆಯಬೇಕು ಎಂದು ನಮ್ಮ ಯಜಮಾನರ ಹಟ. ಮೊದಲ ತೊಟ್ಟಿಯನ್ನು ಡ್ರಿಲ್ ಒತ್ತಿ ಒತ್ತಿಯೇ ಸೀಳಿದ್ದರು. ಇದು ಎರಡನೆಯದು. ಅಷ್ಟರಲ್ಲಿ ಎರಡು ಮೀನು ಸತ್ತು, ನಾಲ್ಕೇ ಉಳಿದಿದ್ದವು.

"ಕೊಡಿ ಇಲ್ಲಿ," ಎಂದು ಈ ಸಲ ಡ್ರಿಲ್ಲನ್ನು ನಾನೇ ಕಿತ್ತುಕೊಂಡೆ. "ನೀವು ನೀರು ಹುಯ್ಯಿರಿ, ಸಾಕು."

ಗಾಜು ಕಾದರೆ ಒಡೆಯುತ್ತದೆ. ಅವರು ಲೋಟದಿಂದ ಸಣ್ಣಗೆ ನೀರು ಬಿಡುತ್ತಿದ್ದರು, ನಾನು ಭಾರ ಹಾಕದೆ ಕೊರೆಯುತ್ತಿದ್ದೆ.

"ಲೇ, ಹೀಗೆ ಸವರುತ್ತಾ ಕೂತರೆ ಮೀನಿಗೆ ಮೊಮ್ಮಕ್ಕಳಾಗುತ್ತವೆ!"

"ಬದುಕಿದ್ದರೆ ತಾನೇ ಆಗೋದು?"

ಮುಕ್ಕಾಲು ಗಂಟೆಗೆ ಬಿಲ್ಲೆಯಂಥ ಗಾಜಿನ ತುಂಡು ಕಳಚಿ ಬಿತ್ತು. ಅಂಚಿನಲ್ಲಿ ಒಂದು ಬಿರುಕೂ ಇರಲಿಲ್ಲ. ತೂತಿಗೆ ಪೈಪು ಕೂರಿಸಿ, ಅದರ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿದೆ.

"ಇಷ್ಟು ಸಾಕು, ಮುಟ್ಟಬೇಡಿ," ಎಂದು ಹೇಳಿ ಕೈ ತೊಳೆಯಲು ಹೋದೆ.

ನಲ್ಲಿ ತಿರುಗಿಸಿದ್ದೆನಷ್ಟೆ, ಹಿಂದಿನಿಂದ ಟಕ್ಕೆಂದಿತು. ಬಂದು ನೋಡಿದರೆ ಯಜಮಾನರ ಕೈಯಲ್ಲಿ ಸ್ಪ್ಯಾನರು. ತೂತಿನಿಂದ ಮೂಲೆಯವರೆಗೆ ಗಾಜು ಸೀಳಿತ್ತು.

"ಸೋರೀತು ಅಂತ ಅರ್ಧ ಸುತ್ತು ಬಿಗಿ ಮಾಡಿದೆ ಅಷ್ಟೇ. ಈ ಗಾಜೇ ಸರಿ ಇಲ್ಲ ಕಣೇ."

ಮೀನಿನ ಬಕೆಟ್ ಎತ್ತಿಕೊಂಡು ಹೋಗಿ ಪಕ್ಕದ ಮನೆಯಲ್ಲಿರುವ ತಂಗಿಯ ಬಾಗಿಲು ತಟ್ಟಿದೆ. ಅವಳೂ ಮೀನು ಸಾಕುತ್ತಾಳೆ.

"ಏನಕ್ಕಾ, ತೂತು ಆಯಿತಾ?"

"ತೂತೇನೋ ಚೆನ್ನಾಗಿಯೇ ಆಯಿತಮ್ಮ. ತೊಟ್ಟಿ ಹೋಯಿತು. ಇವನ್ನು ನಿನ್ನ ತೊಟ್ಟಿಗೆ ಬಿಟ್ಟುಕೋ. ನಿಮ್ಮ ಭಾವ ಕೇಳಿದರೂ ವಾಪಸು ಕೊಡಬೇಡ."