ಮೇಷ್ಟ್ರ ಬಾಯಿಯ ವಿಷಯ

ಚುನಾವಣೆಗೆ ನಿಂತ ಮೇಲೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರಿಗೆ ಕೂರಲು ಜಾಗವೇ ಇಲ್ಲದಂತಾಯಿತು. ಹೊರಕೋಣೆಯ ಬೆಂಚಿನ ತುಂಬ ಕರಪತ್ರದ ಕಟ್ಟುಗಳು, ಮೂಲೆಯಲ್ಲಿ ಬ್ಯಾನರಿನ ಕೋಲುಗಳು, ಹಲ್ಲುಜ್ಜುವ ಸರಿಯಾದ ಕ್ರಮ ತೋರಿಸುವ ಚಿತ್ರದ ಮೇಲೆಯೇ ಅಂಟಿಸಿದ ವಾರ್ಡಿನ ನಕ್ಷೆ. ಇವೆಲ್ಲದರ ನಡುವೆ ಅವಳ ಮೈದುನ ಎರಡು ಫೋನು ಹಿಡಿದು ಲೋಕವೇ ತನ್ನ ಮೇಲೆ ನಿಂತಿದೆ ಎಂಬಂತೆ ಓಡಾಡುತ್ತಿದ್ದ. ಪ್ರಚಾರಕ್ಕೆ ಬೇರೆ ಜಾಗ ಹಿಡಿಯೋಣ ಎಂದು ಅವಳು ಮೊದಲೇ ಹೇಳಿದ್ದಳು.

"ಯಾಕತ್ತಿಗೆ? ಇಲ್ಲಿಗೆ ಜನ ತಾವಾಗೇ ಬರ್ತಾರೆ. ಬಂದವರು ಬಾಯಿ ತೆಕ್ಕೊಂಡು ಕೂತಿರ್ತಾರೆ, ಎದುರು ಮಾತಾಡೋಕೂ ಆಗಲ್ಲ. ಇಂಥ ಮತದಾರರು ಯಾರಿಗೆ ಸಿಗ್ತಾರೆ ಹೇಳಿ," ಎಂದಿದ್ದ ಮೈದುನ. ಅವಳು ನಕ್ಕು ಒಪ್ಪಿಕೊಂಡಿದ್ದಳು.

ಎದುರಾಳಿ ಸೀಟಿ ಮೇಷ್ಟ್ರು. ವ್ಯಾಯಾಮದ ಮೇಷ್ಟ್ರಾಗಿ ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಕೊರಳಿನ ಸೀಟಿ ಮಾತ್ರ ಇಳಿದಿರಲಿಲ್ಲ. ವಾರ್ಡಿನ ಒಂದೇ ಸ್ಥಾನಕ್ಕೆ ಇಬ್ಬರೂ ನಿಂತಿದ್ದರು. ಇವಳಿಗೆ ಬಾಯ್ತೆರೆದ ಚರಂಡಿ ಮುಚ್ಚಿಸಬೇಕು, ಅವರಿಗೆ ಆಟದ ಮೈದಾನ ಉಳಿಸಬೇಕು. ನಿಜ ಹೇಳಬೇಕೆಂದರೆ ಇಬ್ಬರಿಗೂ ಎರಡೂ ಬೇಕಿತ್ತು, ಆದರೆ ಹಾಗೆಂದುಬಿಟ್ಟರೆ ಚುನಾವಣೆ ನಡೆಯುವುದಾದರೂ ಹೇಗೆ?

ಮೇಷ್ಟ್ರು ಅವಳ ಹಳೆಯ ರೋಗಿ. ನಾಮಪತ್ರ ಸಲ್ಲಿಸಿದ ವಾರವೇ ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಅರ್ಧ ಮಾತಿನಲ್ಲಿ ಅರ್ಧ ಸನ್ನೆಯಲ್ಲಿ, "ಪ್ರಚಾರದಲ್ಲಿ ಮನೆ ವಿಷಯ ಬೇಡ, ಮೈ ವಿಷಯ ಬೇಡ. ಚರಂಡಿ, ಮೈದಾನ, ಅಷ್ಟೇ," ಎಂದು ಕೈ ಚಾಚಿದ್ದರು. ಅವಳು ಗ್ಲೌಸು ತೆಗೆದು ಕೈ ಕುಲುಕಿದ್ದಳು. ಆ ಮಾತಿಗೆ ಇಬ್ಬರೂ ತಪ್ಪಿರಲಿಲ್ಲ. ಮೈದುನ ಒಮ್ಮೆ ಮೇಷ್ಟ್ರ ಪೋಸ್ಟರಿನ ಮೇಲೆ ತಮ್ಮದನ್ನು ಅಂಟಿಸಿದಾಗ ಅವಳೇ ನಿಂತು ಕೀಳಿಸಿದ್ದಳು.

ಅದೇ ಮೇಷ್ಟ್ರು ಹೋದ ವಾರ ಮತ್ತೆ ಬಂದರು. ನಾಲಿಗೆ ಉರಿಯುತ್ತದೆ, ಉಪ್ಪು ತಾಗಿದರೆ ಜೀವ ಹೋಗುತ್ತದೆ ಎಂದರು. ನೋಡಿದ ಕೂಡಲೇ ಅವಳಿಗೆ ಅನುಮಾನ ಬಂತು. ನಾಲಿಗೆಯ ಎಡ ಅಂಚಿನಲ್ಲಿ ಬಿಳಿ ಮಚ್ಚೆ, ಅದರ ನಡುವೆ ಹುಣ್ಣು, ಮುಟ್ಟಿದರೆ ಬುಡ ಗಟ್ಟಿ. ದೊಡ್ಡಾಸ್ಪತ್ರೆಗೆ ಕಳಿಸಿದಳು. ಅಲ್ಲಿ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕೊಟ್ಟು ಹೊಲಿಗೆ ಹಾಕಿದರು. ಫಲಿತಾಂಶ ಬರುವುದು ಮತದಾನದ ಮಾರನೆಯ ದಿನ.

"ಇನ್ನೊಂದು ಫಲಿತಾಂಶ," ಎಂದು ನಗಲು ಹೋಗಿದ್ದರು ಮೇಷ್ಟ್ರು, ನಗು ಬರಲಿಲ್ಲ. "ನನ್ನ ಹೆಂಡತಿಗೆ ಗೊತ್ತಾಗಬಾರದು ಡಾಕ್ಟ್ರೇ. ಅವಳ ಅಣ್ಣ ಇದೇ ಕಾಯಿಲೇಲಿ ಹೋದದ್ದು. ಕಣ್ಣಾರೆ ನೋಡಿದಾಳೆ. ಏನೂ ಇಲ್ಲ ಅಂತ ಬಂದ್ರೆ ಸುಮ್ಸುಮ್ನೆ ಅಷ್ಟು ದಿನ ಅವಳನ್ನ ಕೊಂದ ಹಾಗಾಗತ್ತೆ. ಇದೆ ಅಂತ ಬಂದ್ರೆ ನಾನೇ ಹೇಳ್ತೀನಿ. ಅಲ್ಲೀವರೆಗೂ ನೀವು, ನಾನು, ಅಷ್ಟೇ."

"ನನ್ನ ಬಾಯಿಂದ ಹೊರಗೆ ಬರಲ್ಲ," ಎಂದು ಮಾತು ಕೊಟ್ಟಿದ್ದಳು.

ಸಭೆಯ ದಿನ ಬೆಳಿಗ್ಗೆ ಎದುರುಬೀದಿಯ ದರ್ಜಿ ಹಲ್ಲು ಕ್ಲೀನ್ ಮಾಡಿಸಲು ಬಂದ. ಸಂಜೆ ಗ್ರಂಥಾಲಯದಲ್ಲಿ ಇಬ್ಬರು ಅಭ್ಯರ್ಥಿಗಳೂ ಒಂದೇ ವೇದಿಕೆಯಲ್ಲಿ ಜನರ ಪ್ರಶ್ನೆಗೆ ಉತ್ತರಿಸುವುದಿತ್ತು. ಬಾಯಿ ಮುಕ್ಕಳಿಸಿ ಎದ್ದ ದರ್ಜಿ, "ಇನ್ನೇನು ಮೇಡಂ, ನೀವು ಗೆದ್ದ ಹಾಗೇ. ಮೇಷ್ಟ್ರಿಗೆ ಬಾಯಿ ಕ್ಯಾನ್ಸರಂತಲ್ಲ, ಪಾಪ. ಜಾಸ್ತಿ ದಿನ ಇಲ್ವಂತೆ," ಎಂದ.

ಉಪಕರಣ ಒರೆಸುತ್ತಿದ್ದ ಅವಳು ತಿರುಗಿದಳು. "ಯಾರು ಹೇಳಿದ್ದು?"

"ಯಾರೋ ಏನು, ಬೀದಿಯಲ್ಲೆಲ್ಲ ಅದೇ ಮಾತು. ನಿಮ್ಮ ಮೈದುನಾನೇ ಅಂದ್ರಪ್ಪ."

ದರ್ಜಿ ಹೊರಟದ್ದೇ ತಡ, ಮೈದುನನನ್ನು ಒಳಗೆ ಕರೆದಳು. ಅವಳ ಮನಸ್ಸಿನಲ್ಲಿ ಆಗಲೇ ಕಳ್ಳರ ಮೆರವಣಿಗೆ ಹೊರಟಿತ್ತು. ದೊಡ್ಡಾಸ್ಪತ್ರೆಯ ಗುಮಾಸ್ತ ಹೇಳಿರಬೇಕು, ಇಲ್ಲದಿದ್ದರೆ ಇವನೇ ಮೇಷ್ಟ್ರ ಬೆನ್ನಿಗೆ ಜನ ಬಿಟ್ಟಿರಬೇಕು. ತನ್ನ ಸಹಾಯಕಿಯನ್ನೂ ಒಂದು ಕ್ಷಣ ಅನುಮಾನಿಸಿ, ಅನುಮಾನಿಸಿದ್ದಕ್ಕೆ ನಾಚಿದಳು. ಮೈದುನ ಮಾತ್ರ ಅವಳ ಸಿಟ್ಟು ಕಂಡು ನಿಜವಾಗಿಯೂ ತಬ್ಬಿಬ್ಬಾದ.

"ಅತ್ತಿಗೆ, ನೀವೇ ಹೇಳಿದ್ದಲ್ವಾ?"

"ನಾನಾ? ಯಾವಾಗ?"

"ಅವತ್ತು ಮೇಷ್ಟ್ರು ಬಂದಿದ್ರಲ್ಲ. ನಾವೆಲ್ಲ ಹೊರಗೆ ಕರಪತ್ರ ಮಡಚ್ತಿದ್ವಿ. ಒಳಗಿಂದ ನೀವು ಕೂಗಿದ್ರಿ, ನಾಲಿಗೆ ಎಡ ಅಂಚು, ಬಿಳಿ ಮಚ್ಚೆ, ಬುಡ ಗಟ್ಟಿ, ತುರ್ತು, ದೊಡ್ಡಾಸ್ಪತ್ರೆಗೆ ಬರಕೋ ಅಂತ." ಅವನು ದನಿ ತಗ್ಗಿಸಿದ. "ನಮಗೆ ಕೇಳಿಸ್ಲಿ ಅಂತಾನೇ ಕೂಗಿದ್ದು ಅಂದ್ಕೊಂಡೆ. ನೇರವಾಗಿ ಹೇಳೋ ಹಾಗಿಲ್ಲ, ಅದಕ್ಕೇ ಹೀಗೆ ಅಂತ."

ಡಾಕ್ಟರಮ್ಮ ರೋಗಿಯ ಕುರ್ಚಿಯಲ್ಲೇ ಕುಸಿದು ಕೂತಳು. ಹಲ್ಲಿನ ಡಾಕ್ಟರುಗಳ ಕಸುಬೇ ಹಾಗೆ. ಎರಡೂ ಕೈ ಬಾಯೊಳಗಿರುವಾಗ ಬರೆದುಕೊಳ್ಳುವುದು ಸಹಾಯಕಿ, ಹೇಳುವುದು ಡಾಕ್ಟರು. ಎಂಜಲು ಎಳೆಯುವ ಯಂತ್ರದ ಭರ್ರೆನ್ನುವ ಸದ್ದನ್ನು ಮೀರಿಸಿ ಮೀರಿಸಿ ಯಂತ್ರ ನಿಂತ ಮೇಲೂ ಇವಳ ದನಿ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಗಂಡ, "ನಾನು ಪಕ್ಕದಲ್ಲೇ ಇದೀನಿ ಮಾರಾಯ್ತಿ," ಎನ್ನುತ್ತಿದ್ದ. ಮೊದಲೆಲ್ಲ ಹೊರಕೋಣೆಯಲ್ಲಿ ಕೂತವರು ತಂತಮ್ಮ ನೋವಿನಲ್ಲೇ ಮುಳುಗಿರುತ್ತಿದ್ದರು, ಇನ್ನೊಬ್ಬರ ಹಲ್ಲಿನ ಗೊಡವೆ ಯಾರಿಗೆ ಬೇಕಿತ್ತು? ಅದೇ ಬೆಂಚಿನಲ್ಲಿ ಈಗ ಚುನಾವಣೆ ಕೂತಿದೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ತನ್ನ ಮೇಲೆಯೇ ಅಸಹ್ಯವಾಯಿತು. ಅದಕ್ಕಿಂತ ಹೆಚ್ಚಾಗಿ ಮೇಷ್ಟ್ರ ಹೆಂಡತಿಯ ನೆನಪಾಗಿ ಭಯವಾಯಿತು.

"ಎಷ್ಟು ಜನಕ್ಕೆ ಹೇಳಿದೀಯ?"

"ನಾನು ಇಬ್ಬರಿಗೆ ಹೇಳಿದ್ದು. ಆಮೇಲೆ ಅದು ತಾನಾಗೇ ಹೋಯ್ತು." ಮೈದುನ ಸಮಾಧಾನ ಮಾಡಲು ನೋಡಿದ. "ನೀವು ತಲೆ ಕೆಡಿಸ್ಕೋಬೇಡಿ. ಸುಳ್ಳು ಹಬ್ಬಿಸಿಲ್ವಲ್ಲ ನಾವು. ಸುಮ್ನಿದ್ರೆ ಸಾಕು, ಮಿಕ್ಕಿದ್ದು ಜನಾನೇ ನೋಡ್ಕೋತಾರೆ."

ಅವನನ್ನು ಹೊರಗೆ ಕಳಿಸಿ ಮೇಷ್ಟ್ರಿಗೆ ಫೋನು ಮಾಡಿದಳು. ತೆಗೆದದ್ದು ಹೆಂಡತಿ. "ಓ ಡಾಕ್ಟ್ರೇ, ಅವರು ಮನೆಮನೆ ಸುತ್ತೋಕೆ ಹೋಗಿದಾರೆ, ಫೋನು ಇಲ್ಲೇ ಬಿಟ್ಟು. ಏನಾದ್ರೂ ಹೇಳ್ಬೇಕಿತ್ತಾ?" ಆ ದನಿಯಲ್ಲಿ ಏನೂ ಇರಲಿಲ್ಲ, ಅಂದರೆ ಸುದ್ದಿ ಇನ್ನೂ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. "ಏನಿಲ್ಲ, ಸಂಜೆ ಸಿಗ್ತೀನಲ್ಲ," ಎಂದು ಇಟ್ಟುಬಿಟ್ಟಳು.

ಇಡೀ ಮಧ್ಯಾಹ್ನ ಅವಳ ತಲೆಯಲ್ಲಿ ಒಂದೇ ಲೆಕ್ಕ ಸುತ್ತಿತು. ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಸುಮ್ಮನಿದ್ದರೆ ಹೌದೆಂದಂತಾಗುತ್ತದೆ. ತಪ್ಪು ನನ್ನದು ಎಂದು ಎಲ್ಲರೆದುರು ಕ್ಷಮೆ ಕೇಳಿಬಿಡೋಣವೆಂದರೆ, ತನ್ನ ಮನಸ್ಸು ಹಗುರವಾದೀತು, ಆದರೆ ಗಾಳಿಸುದ್ದಿಗೆ ಡಾಕ್ಟರೇ ಬಂದು ಮೊಹರು ಒತ್ತಿದಂತಾಗುತ್ತದೆ. ಕಣದಿಂದ ಹಿಂದೆ ಸರಿದರೂ ಯಾಕೆಂದು ಕೇಳುತ್ತಾರೆ. ಯಾವ ಕಡೆ ಹೊರಳಿದರೂ ಅದು ಹೋಗಿ ಮುಟ್ಟುವುದು ಆ ಹೆಂಗಸಿನ ಎದೆಗೇ. ಇಬ್ಬರು ರೋಗಿಗಳನ್ನು ನಾಳೆ ಬನ್ನಿ ಎಂದು ಕಳಿಸಿದಳು. ಆ ಮನಸ್ಥಿತಿಯಲ್ಲಿ ಯಾರ ಬಾಯಿಗೂ ಸೂಜಿ ಹಾಕುವ ಧೈರ್ಯ ಅವಳಿಗಿರಲಿಲ್ಲ.

ಸಂಜೆ ಗ್ರಂಥಾಲಯದ ಸಭಾಂಗಣ ಕಿಕ್ಕಿರಿದಿತ್ತು. ಚರಂಡಿ ಮೈದಾನಗಳಿಗಾಗಿ ಇಷ್ಟೊಂದು ಜನ ಎಂದೂ ಸೇರಿದವರಲ್ಲ. ಮೊದಲ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೇಷ್ಟ್ರು ವೇದಿಕೆ ಹತ್ತಿ ಡಾಕ್ಟರಮ್ಮನಿಗೆ ಕೈ ಮುಗಿದರು. ಹೊಲಿಗೆಯಿಂದಾಗಿ ಅವರ ಮಾತು ನಿಧಾನವಾಗಿತ್ತು, ಕೆಲವು ಅಕ್ಷರ ಜಾರುತ್ತಿದ್ದವು. ಹಿಂದಿನ ಸಾಲುಗಳಲ್ಲಿ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಳ್ಳುವುದು ವೇದಿಕೆಯಿಂದ ಚೆನ್ನಾಗಿ ಕಾಣುತ್ತಿತ್ತು.

ಗ್ರಂಥಪಾಲಕರು ಮೈಕನ್ನು ಜನರ ಕಡೆ ಕಳಿಸಿದರು. ದಾರಿದೀಪ, ಕಸದ ಗಾಡಿ, ಬೀದಿನಾಯಿ ಎಲ್ಲ ಮುಗಿಯಿತು. ಆಮೇಲೆ ಕರೆಂಟು ಸಾಮಾನಿನ ಅಂಗಡಿಯವನು ಎದ್ದ. ಕರಪತ್ರ ಮಡಚುವವರಲ್ಲಿ ಅವನೂ ಒಬ್ಬ, ಎದೆಯ ಮೇಲೆ ಡಾಕ್ಟರಮ್ಮನ ಬ್ಯಾಡ್ಜು.

"ನನ್ನ ಪ್ರಶ್ನೆ ಮೇಷ್ಟ್ರಿಗೆ," ಎಂದು ಹಲ್ಲು ಕಿರಿದ. "ಗೆಲ್ಲಿಸಿದ್ರೆ ಐದು ವರ್ಷ ಪೂರ್ತಿ ಇರ್ತೀರಾ ಮೇಷ್ಟ್ರೇ?"

ಯಾರೋ ಕಿಸಕ್ಕೆಂದು ನಕ್ಕರು, ನಗು ಅರ್ಧಕ್ಕೇ ನಿಂತಿತು. ಮೇಷ್ಟ್ರು ಮೈಕು ಹಿಡಿದರು. ಅವರ ಕಣ್ಣು ಮೊದಲು ಹೋದದ್ದು ಮೊದಲ ಸಾಲಿಗೆ. ಗೋಡೆಗೊರಗಿ ನಿಂತಿದ್ದ ಮೈದುನ ಅತ್ತಿಗೆಯತ್ತ ಅಂಗೈ ಕೆಳಗೆ ಮಾಡಿ, ಕೂತಿರಿ, ತುಟಿ ಪಿಟಕ್ಕೆನ್ನಬೇಡಿ ಎಂದು ಸನ್ನೆ ಮಾಡಿದ.

ಡಾಕ್ಟರಮ್ಮ ಎದ್ದಳು.

"ಅದು ಇಬ್ಬರಿಗೂ ಕೇಳೋ ಪ್ರಶ್ನೆ," ಎಂದಳು. "ನಾನು ಮೊದಲು ಹೇಳ್ತೀನಿ. ನನ್ನ ಎದೇಲಿ ಹೋದ ವರ್ಷ ಸ್ಟೆಂಟ್ ಹಾಕಿದಾರೆ. ದಿನಾ ಮಾತ್ರೆ ನುಂಗ್ತೀನಿ. ನಮ್ಮಮ್ಮ ನನ್ನ ವಯಸ್ಸಲ್ಲೇ ಎದೆ ಹಿಡ್ಕೊಂಡು ಹೋಗಿಬಿಟ್ರು. ಐದು ವರ್ಷ ಇರ್ತೀನಾ? ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ನಿಮ್ಮದು ಗೊತ್ತಿದ್ರೆ ಕೈ ಎತ್ತಿ, ನಾನು ಆಮೇಲೆ ಮೇಷ್ಟ್ರನ್ನ ಕೇಳ್ತೀನಿ."

ಒಂದು ಕೈಯೂ ಮೇಲೇಳಲಿಲ್ಲ. ಮೈದುನನ ಬಾಯಿ ತೆರೆದದ್ದು ತೆರೆದೇ ಇತ್ತು. ಈ ವಿಷಯ ಗಂಡನಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದರಿಂದ ವೋಟು ಹೋಗುತ್ತದೆ, ಕ್ಲಿನಿಕ್ಕಿನ ಕುರ್ಚಿಗೆ ಬರುವವರೂ ಎರಡು ಸಲ ಯೋಚಿಸುತ್ತಾರೆ ಎಂಬುದು ಮಾತಾಡುವಾಗಲೇ ಅವಳಿಗೆ ತಿಳಿಯುತ್ತಿತ್ತು.

"ಇನ್ನೊಂದು ಮಾತು. ಪ್ರಶ್ನೆ ಕೇಳಿದವರು ನನ್ನ ಬ್ಯಾಡ್ಜ್ ಹಾಕ್ಕೊಂಡಿದಾರೆ. ದಯವಿಟ್ಟು ಅದನ್ನ ತೆಗೆದುಬಿಡಿ. ಇಂಥ ಮಾತಿಗೆ ಬೀಳೋ ವೋಟು ನನಗೆ ಬೇಡ."

ಅಂಗಡಿಯವನು ಕೆಂಪಾಗಿ, ಪಿನ್ನು ಬಿಚ್ಚಲಾಗದೆ ತಡಕಾಡಿ, ಕೊನೆಗೆ ಅಂಗಿಯ ಸಮೇತ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೂತ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಈಗ ಚರಂಡಿ ವಿಷಯ ಮಾತಾಡೋಣ್ವಾ?" ಎಂದರು. ಸಭೆ ಬೇಕಾದ್ದಕ್ಕಿಂತ ಜೋರಾಗಿ ನಕ್ಕಿತು.

ಸಭೆ ಮುಗಿದ ಮೇಲೆ ಅವಳು ಹಿಂಬದಿಯ ಓಣಿಯಲ್ಲಿದ್ದ ನಲ್ಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಪಾರಾದೆ ಎನಿಸಿ ಉಸಿರು ಬಿಡುವಷ್ಟರಲ್ಲಿ ಹಿಂದೆ ಯಾರೋ ನಿಂತಂತಾಯಿತು. ಮೇಷ್ಟ್ರ ಹೆಂಡತಿ.

"ಡಾಕ್ಟ್ರೇ, ಅವರ ಬಾಯಲ್ಲಿ ಏನಿದೆ?"

ಅವಳು ನಲ್ಲಿ ನಿಲ್ಲಿಸಿದಳು.

"ವಾರದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಹಲ್ಲು ನೋವು ಅಂತಾರೆ. ಇವತ್ತು ಆ ಪ್ರಶ್ನೆ ಬಂದಾಗ ಅವರು ನನ್ನ ಮುಖ ನೋಡಿದ್ರು. ನಮ್ಮಣ್ಣ ಹೀಗೇ ನೋಡ್ತಿದ್ದ."

ಹೇಳಬಾರದು. ಇಲ್ಲ ಎಂದೂ ಹೇಳಬಾರದು. ಎದುರಿಗೆ ನಿಂತ ಹೆಂಗಸನ್ನು ಅಪ್ಪಿಕೊಂಡು ಅತ್ತುಬಿಡೋಣ ಅನ್ನಿಸಿತು ಅವಳಿಗೆ. "ಅವರನ್ನೇ ಕೇಳಿಮ್ಮ," ಎಂದಳು, ಅಷ್ಟೇ.

ಮೇಷ್ಟ್ರ ಹೆಂಡತಿ ಬಹಳ ಹೊತ್ತು ಅವಳ ಮುಖವನ್ನೇ ನೋಡಿದರು. "ಅಂದ್ರೆ ಇದೆ," ಎಂದರು.

ಈ ಸಲ ಅವಳು ರೋಗದ ಬಗ್ಗೆ ಒಂದಕ್ಷರವನ್ನೂ ಆಡಿರಲಿಲ್ಲ. ಆದರೂ ವಿಷಯ ಹೋಗಿಯಾಗಿತ್ತು. ಆ ಹೆಂಗಸು ಕಣ್ಣೊರೆಸಿಕೊಂಡು, ಅದೇ ನಲ್ಲಿಯಲ್ಲಿ ತಾವೂ ಮುಖ ತೊಳೆದುಕೊಂಡು ಹೇಳಿದರು, "ನಾನು ಕೇಳಿದೆ ಅಂತ ಅವರಿಗೆ ಹೇಳ್ಬೇಡಿ. ನನ್ನಿಂದ ಮುಚ್ಚಿಟ್ಟಿದಾರೆ ಅಂದ್ರೆ ನನಗೋಸ್ಕರವೇ. ಅವರಾಗಿ ಹೇಳೋ ತನಕ ನನಗೂ ಗೊತ್ತಿಲ್ಲ. ಮಾತು ಕೊಡಿ."

ಕೊಟ್ಟಳು. ಕೊಡದೆ ಏನು ಮಾಡಿಯಾಳು?

ಸಭಾಂಗಣ ಖಾಲಿಯಾಗುತ್ತಿತ್ತು. ಮೇಷ್ಟ್ರು ಬಾಗಿಲಲ್ಲಿ ಅವಳಿಗಾಗಿಯೇ ಕಾದಿದ್ದರು. "ದೊಡ್ಡ ಉಪಕಾರ ಮಾಡಿದ್ರಿ ಡಾಕ್ಟ್ರೇ. ನಿಮ್ಮ ಎದೆ ವಿಷಯ ಹೊರಗೆ ಹಾಕೋ ಹಾಗಾಯ್ತು ನನ್ನಿಂದ. ನಿಮ್ಮ ಕಡೆಯೋರು ಯಾರೋ ನನ್ನ ಬೆನ್ನು ಹತ್ತಿ ಆಸ್ಪತ್ರೆಗೆ ಬಂದಿರ್ಬೇಕು."

"ಯಾರೂ ಬಂದಿಲ್ಲ ಮೇಷ್ಟ್ರೇ." ಅವಳಿಗೆ ಅವರ ಕೃತಜ್ಞತೆಯನ್ನು ಹೊತ್ತುಕೊಂಡು ಮನೆಗೆ ಹೋಗಲು ಆಗುವಂತಿರಲಿಲ್ಲ. "ನಾನೇ. ಅವತ್ತು ನಿಮ್ಮ ಬಾಯಿ ನೋಡ್ತಾ ಬರೆಸಿದ್ನಲ್ಲ, ಹೊರಗೆ ಕೂತಿದ್ದ ನಮ್ಮವರಿಗೆ ಎಲ್ಲ ಕೇಳಿಸ್ತು. ಬೇಕಂತ ಮಾಡಿದ್ದಲ್ಲ. ಆದ್ರೆ ನನ್ನಿಂದಲೇ ಆದದ್ದು."

ಮೇಷ್ಟ್ರ ಮುಖದ ನಗು ಇಳಿಯಿತು. "ನಾನು ಆ ಕುರ್ಚೀಲಿ ಮಲಗಿದ್ದಾಗಲೇ?"

"ಹೌದು."

"ನಾನು ಮೇಲೆ ನೋಡ್ತಾ ಹೆಂಡತಿಗೆ ಹೇಗಪ್ಪಾ ಹೇಳೋದು ಅಂತ ಯೋಚಿಸ್ತಿದ್ದೆ. ಹೊರಗೆ ಆಗಲೇ ಎಲ್ರಿಗೂ ಹೇಳಿ ಆಗಿತ್ತು." ಅವರು ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು. "ನಿಮ್ಮನ್ನ ಸರಿಯಾಗಿ ಬೈಬೇಕು ಡಾಕ್ಟ್ರೇ. ಈಗ ನಾಲಿಗೆ ಹೊರಳಲ್ಲ. ಹೊಲಿಗೆ ಬಿಚ್ಚಿದ ಮೇಲೆ ಬೈತೀನಿ."

"ಬೈಯಿರಿ," ಎಂದಳು. ಕಣ್ಣಲ್ಲಿ ನೀರು ನಿಂತಿತ್ತು.

"ಒಂದೇ ಸಮಾಧಾನ." ಮೇಷ್ಟ್ರು ಸಭಾಂಗಣದ ಆ ತುದಿಗೆ ಗದ್ದ ತೋರಿಸಿದರು. ಅಲ್ಲಿ ಅವರ ಹೆಂಡತಿ ಗ್ರಂಥಪಾಲಕರ ಜೊತೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಏನೋ ಹೇಳಿ ನಗುತ್ತಿದ್ದರು. "ಅವಳಿಗೆ ಮಾತ್ರ ಗೊತ್ತಾಗಿಲ್ಲ. ಆ ಪ್ರಶ್ನೇನ ನನ್ನ ವಯಸ್ಸಿನ ಮೇಲೆ ಕುಹಕ ಅಂದ್ಕೊಂಡಿದಾಳೆ. ನೋಡಿ, ಎಷ್ಟು ಆರಾಮಾಗಿದಾಳೆ."

ಕುರ್ಚಿಗಳ ಸಾಲಿನ ಮೇಲಿಂದ ಆ ಹೆಂಗಸು ಒಮ್ಮೆ ಇತ್ತ ನೋಡಿ, ಮತ್ತೆ ಕೆಲಸಕ್ಕೆ ತಿರುಗಿದರು.

ಡಾಕ್ಟರಮ್ಮ ಹೂಂ ಅಂದಳು.